ಸರ್ಕಾರದ ಕಡೆಯ ಬೀಗರು

ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಕಾಂಪೌಂಡುಗಳ ನಡುವೆ ಇನ್ನೂ ಅಲ್ಲೊಂದು ಇಲ್ಲೊಂದು ಅವರೆ ಹೊಲ ಉಳಿದಿದ್ದ ಕಾಲ. ಚಳಿ ಶುರುವಾದರೆ ನಮ್ಮ ಬೀದಿಗೆ ಬೀದಿಯೇ ಸೊಗಡಿನ ವಾಸನೆಯಲ್ಲಿ ಮುಳುಗುತ್ತಿತ್ತು. ಸಂಜೆಯಾದರೆ ನಮ್ಮ ಜಗಲಿಯ ಮೇಲೆ ಪಿಳ್ಳಮ್ಮಜ್ಜಿ, ಎದುರುಮನೆಯ ಯಲ್ಲಕ್ಕ, ಇನ್ನೂ ನಾಲ್ಕಾರು ಹೆಂಗಸರು ನೆನೆಸಿದ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಕೂರುತ್ತಿದ್ದರು. ಬೆರಳ ನಡುವೆ ಹಿದುಕಿದರೆ ಬೇಳೆ ಪುಳಕ್ಕನೆ ಹಾರುತ್ತಿತ್ತು. ಗುರಿಯಿಟ್ಟು ಚಿಕ್ಕಪ್ಪನ ಬೆನ್ನಿಗೆ ಹೊಡೆಯುವುದು ಮಕ್ಕಳಾದ ನಮ್ಮ ಆಟ.

ಪಿಳ್ಳಮ್ಮಜ್ಜಿ ನಮ್ಮಪ್ಪನ ತಾಯಿ. ಊರಿನ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದದ್ದು ಅಜ್ಜಿಯ ಈ ಗುಂಪೇ. ಹೆಣ್ಣಿಗೆ ಎಣ್ಣೆ ಹಚ್ಚುವುದಕ್ಕೆ ಒಂದು ಹಾಡು, ಹಸೆಮಣೆಗೆ ಕರೆಯುವುದಕ್ಕೆ ಒಂದು, ಬೀಗರನ್ನು ಗೇಲಿ ಮಾಡುವುದಕ್ಕಂತೂ ಲೆಕ್ಕವಿಲ್ಲ. ಆದರೆ ನಾನು ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಮದುವೆಗಳೆಲ್ಲ ಛತ್ರ ಸೇರಿ, ಬ್ಯಾಂಡ್‌ಸೆಟ್ಟಿನ ಮುಂದೆ ಯಾರ ಗಂಟಲೂ ಕೇಳಿಸದಂತಾಗಿತ್ತು. ಅಜ್ಜಿಯನ್ನು ಊಟಕ್ಕೆ ಕರೆಯುತ್ತಿದ್ದರೇ ಹೊರತು ಹಾಡುವುದಕ್ಕಲ್ಲ.

"ಹಾಡು ಅನ್ನೋದು ಕುಡ್ಲಿದ್ದಂಗೆ. ಮೂಲೇಲಿಟ್ರೆ ತುಕ್ಕು ಹಿಡೀತದೆ," ಎಂದು ಬೇಳೆ ಹಿದುಕುತ್ತಲೇ ಗೊಣಗುತ್ತಿದ್ದಳು. ಆ ಚಳಿಗಾಲದಲ್ಲಿ ಅವಳ ಊಟವೂ ಕಡಿಮೆಯಾಗಿತ್ತು. ಹಿದುಕಿದ ಬೇಳೆ ಸಾರಿಗೂ ಮನಸ್ಸು ಮಾಡದವಳನ್ನು ನೋಡಿ ಅಮ್ಮನಿಗೆ ದಿಗಿಲು.

ಕಾರ್ಖಾನೆಗೆ ಹೋಗುತ್ತಿದ್ದ ಮಂಜಣ್ಣ ಚಿಕ್ಕಪ್ಪ ಒಂದು ಸಂಜೆ ಸುದ್ದಿ ತಂದ. ಜಾನಪದ ತಂಡಗಳಿಗೆ ಸರ್ಕಾರ ನೆರವು ಕೊಡುತ್ತದಂತೆ. ಹಲಸೂರಿನ ಒಂದು ಸಭಾಂಗಣದಲ್ಲಿ ಆಯ್ಕೆಯಂತೆ.

"ಸೆಲೆಕ್ಟ್ ಆದ್ರೆ ಸರ್ಕಾರಾನೇ ಕರ್ದು ಹಾಡಿಸ್ತದೆ ಕಣಮ್ಮ. ಉತ್ಸವ, ಸ್ಟೇಜು, ಮೈಕು ಎಲ್ಲಾ. ವ್ಯಾನೂ ಕಳಿಸ್ತಾರೆ."

"ಯಾರ್ ಮದ್ವೆಗೆ?" ಎಂದಳು ಅಜ್ಜಿ.

"ಮದ್ವೆ ಇಲ್ಲಮ್ಮ. ಸುಮ್ನೆ ಹಾಡೋದು."

"ಹೆಣ್ಣಿಲ್ದೆ ಹಸೆ ಹಾಡು ಹಾಡ್ತಾರೇನೋ ಪೆದ್ದ? ಹಸೆ ಖಾಲಿ ಇಟ್ಕೊಂಡು ಹಾಡಿದ್ರೆ ಊರಿಗೆ ಒಳ್ಳೇದಲ್ಲ."

ಆಗ ಯಲ್ಲಕ್ಕನ ಕಣ್ಣು ನನ್ನ ಮೇಲೆ ಬಿತ್ತು. ನಾನಾಗ ಚಿಕ್ಕಪ್ಪನ ಬೆನ್ನಿಗೆ ಗುರಿಯಿಡುತ್ತಿದ್ದೆ. "ಕಮ್ಲಿ ಇದ್ದಾಳಲ್ಲ," ಎಂದರು ಯಲ್ಲಕ್ಕ. ಹೀಗೆ ಒಂಬತ್ತನೇ ವಯಸ್ಸಿಗೆ ನನ್ನ ಮದುವೆ ನಿಶ್ಚಯವಾಯಿತು.

ಅಂದಿನಿಂದ ಜಗಲಿಯಲ್ಲಿ ದಿನಾ ಅಭ್ಯಾಸ. ಅಜ್ಜಿಯ ತಟ್ಟೆಗೆ ಮತ್ತೆ ಎರಡೆರಡು ಮುದ್ದೆ ಬೀಳತೊಡಗಿದವು. ನನಗೆ ಸಿಕ್ಕ ಪಾಠ ಮಾತ್ರ ಒಂದೇ: ತಲೆ ತಗ್ಗಿಸಿ ಕೂರುವುದು. ಜೊತೆಗೆ ದನಿಗೂಡಿಸಲು ಹೋದರೆ ಅಜ್ಜಿ ಕಣ್ಣು ಬಿಡುತ್ತಿದ್ದಳು. "ಮದುಮಗಳು ಬಾಯ್ಬಿಡಬಾರ್ದು. ಹಾಡೋರು ಹಾಡ್ತಾರೆ, ನೀನು ನೆಲ ನೋಡು."

ಹೊರಡುವ ದಿನ ಬೆಳಿಗ್ಗೆ ಅರಿಶಿನ ಹಚ್ಚಿ ನೀರು ಹುಯ್ದು, ಚಿಕ್ಕಮ್ಮನ ಧಾರೆ ಸೀರೆಯನ್ನು ಮಡಿಸಿ ಮಡಿಸಿ ನನಗೆ ಸುತ್ತಿದರು. ಹಣೆಗೆ ಬಾಸಿಂಗ, ಕೆನ್ನೆಗೆ ದೃಷ್ಟಿಬೊಟ್ಟು. ಚಿಕ್ಕಪ್ಪ ಹಸೆಮಣೆಯನ್ನು ತಲೆಯ ಮೇಲೆ ಹೊತ್ತ. ಬುತ್ತಿಗೆ ಚಿತ್ರಾನ್ನ, ಕರಿದ ಅವರೆಬೇಳೆ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ರಮ್ಮ ಇದು, ಇಷ್ಟು ಚಿಕ್ಕ ಮಗೂಗೆ ಮದ್ವೆನಾ? ಸ್ಟೇಷನ್ ಹತ್ರ ಗಾಡಿ ನಿಲ್ಲಿಸ್ಬೇಕಾಗುತ್ತೆ ನೋಡಿ."

"ನಿಲ್ಸಪ್ಪ," ಎಂದಳು ಅಜ್ಜಿ ಎಲೆಗೆ ಸುಣ್ಣ ಸವರುತ್ತ. "ಪೊಲೀಸ್ರೂ ಊಟಕ್ಕೆ ಬರ್ಲಿ. ಗಂಡು ಸರ್ಕಾರ. ನಾವು ಹೆಣ್ಣಿನ ಕಡೆಯೋರು."

ಚಿಕ್ಕಪ್ಪ ವಿಷಯ ಬಿಡಿಸಿ ಹೇಳಿದ ಮೇಲೆ ಇಡೀ ಬಸ್ಸು ನಕ್ಕಿತು. ಇಂದಿರಾನಗರ ದಾಟುವವರೆಗೂ ಅದೇ ಮಾತು. ಹಿಂದಿನ ಸೀಟಿನಿಂದ ಯಾರೋ "ಗಂಡಿಗೆ ವಯಸ್ಸೆಷ್ಟಮ್ಮ?" ಎಂದು ಕೇಳಿದರೆ, "ವಯಸ್ಸಾಗೈತೆ ಬಿಡವ್ವ, ಪೆನ್ಷನ್ ಕೊಡ್ತದಲ್ಲ," ಎಂದರು ಯಲ್ಲಕ್ಕ. ಹಲಸೂರಿನಲ್ಲಿ ಇಳಿದಾಗ ಹೂವಿನವಳೊಬ್ಬಳು ನನ್ನ ಜಡೆಗೆ ಮೊಳ ಮಲ್ಲಿಗೆ ಮುಡಿಸಿ, "ಕಲ್ಯಾಣ ಪೊಣ್ಣು ಹತ್ರ ಕಾಸಾ? ಮದ್ವೆ ಹೆಣ್ಣಲ್ವಾ, ಬೇಡಮ್ಮ," ಎಂದು ಅಜ್ಜಿಯ ಕೈ ತಳ್ಳಿದಳು. ನನಗೆ ನಿಜವಾಗಿಯೂ ಮದುವೆಯಾಗುತ್ತಿದೆಯೇನೋ ಎನ್ನಿಸಿ ಬಹಳ ಖುಷಿಯಾಯಿತು.

ಸಭಾಂಗಣದಲ್ಲಿ ಒಂದು ಮೇಜು, ಮೇಜಿನ ಹಿಂದೆ ಆಯ್ಕೆ ಸಮಿತಿ. ನಡುವೆ ದಪ್ಪನೆಯ ಒಬ್ಬ ಸಾಹೇಬರು, ಅವರ ಮುಂದೆ ಒಂದು ಗಂಟೆ ಮತ್ತು ಒಂದು ತಟ್ಟೆ ಬೋಂಡ. ಪಕ್ಕದಲ್ಲಿ ತಲೆಯೆತ್ತದೆ ಬರೆಯುತ್ತಿದ್ದ, ನೂಲಿನ ಸೀರೆಯ ಮೇಡಂ. ಪ್ರತಿ ತಂಡಕ್ಕೂ ಹತ್ತು ನಿಮಿಷ. ಗಂಟೆ ಹೊಡೆದರೆ ನಿಲ್ಲಿಸಬೇಕು. ನಮಗಿಂತ ಮುಂಚೆ ಬಂದ ಡೊಳ್ಳಿನವರು ಗಂಟೆ ಕೇಳಿದ್ದೇ ಎತ್ತಿದ ಕೋಲು ಎತ್ತಿದಂತೆಯೇ ನಿಂತುಬಿಟ್ಟಿದ್ದರು.

ಆದರೆ ಸೋಬಾನೆಗೆ ಅದರದೇ ಕ್ರಮವಿದೆ. ಹೆಣ್ಣು ಬಾಗಿಲಿನಿಂದ ಹೊರಟು ಹಸೆಮಣೆ ಮುಟ್ಟುವವರೆಗೆ ಒಂದೊಂದು ಹೆಜ್ಜೆಗೂ ಒಂದೊಂದು ನುಡಿ. ಅವಸರ ಮಾಡಿದರೆ ಅಪಶಕುನ. ಅಜ್ಜಿ ಹಾಡುತ್ತಿದ್ದಳು, ನಾನು ನೆಲ ನೋಡುತ್ತ ಇರುವೆಯಂತೆ ನಡೆಯುತ್ತಿದ್ದೆ. ಅರ್ಧ ದಾರಿಗೂ ಬಂದಿರಲಿಲ್ಲ, ಗಂಟೆ ಹೊಡೆಯಿತು. ಅಜ್ಜಿ ನಿಲ್ಲಿಸಲಿಲ್ಲ. ಮತ್ತೆ ಹೊಡೆಯಿತು.

"ಟೈಮಾಯ್ತು, ನಿಲ್ಸಮ್ಮ," ಎಂದರು ಸಾಹೇಬರು.

ಮದುವೆಯ ಹಸೆ ಶಾಸ್ತ್ರಕ್ಕೆ ಗಂಡಿನ ಕಡೆಯವರು ಅವಸರ ಮಾಡಿದರೆ ನಮ್ಮ ಕಡೆ ಅದಕ್ಕಿರುವುದು ಒಂದೇ ಉತ್ತರ. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, ನನಗೆ ಬೆನ್ನು ಮಾಡಿ, ಮೇಜಿನ ಕಡೆ ತಿರುಗಿದಳು.

"ಗಂಟೆ ಐತೆ, ಗುಡಿ ಇಲ್ಲ, ನೋಡ್ರವ್ವ ಬೀಗರ
ಗುಡಿ ಇಲ್ಲ, ದೇವ್ರಿಲ್ಲ, ಕುಂತವ್ನೆ ಪೂಜಾರಿ
ಹೊಟ್ಟೆ ಮುಂದಿಟ್ಕೊಂಡು ನೈವೇದ್ಯ ಕಾಯ್ತವ್ನೆ
ಬೋಂಡ ಮುಗುದ್ರೆ ಎದ್ದೋಯ್ತಾನೆ"

ಹೆಂಗಸರೆಲ್ಲ ಅಭ್ಯಾಸದಂತೆ ಕೊನೆಯ ಸಾಲನ್ನು ಎತ್ತಿ ಹಾಡಿದರು. ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಸಾಹೇಬರ ಕೈಯಲ್ಲಿದ್ದ ಬೋಂಡ ತಟ್ಟೆಗೂ ಹೋಗಲಿಲ್ಲ, ಬಾಯಿಗೂ ಹೋಗಲಿಲ್ಲ. ಬೀಗರು ತಿರುಗಿ ಹಾಡದಿದ್ದರೆ ಮುನಿಸಿಕೊಂಡರೆಂದೇ ಅರ್ಥ ಎನ್ನುವುದು ನನಗೂ ಗೊತ್ತಿತ್ತು. ಇನ್ನು ವ್ಯಾನೂ ಇಲ್ಲ, ಮೈಕೂ ಇಲ್ಲ, ಅಜ್ಜಿ ಮತ್ತೆ ಊಟ ಬಿಡುತ್ತಾಳೆ ಎಂದು ನನಗೆ ಅಳು ಬಂತು. ಮದುಮಗಳು ಅತ್ತರೆ ಯಾರೂ ತಪ್ಪು ತಿಳಿಯುವುದಿಲ್ಲವಾದ್ದರಿಂದ ಧಾರಾಳವಾಗಿ ಅತ್ತೆ.

ಆಗ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

"ಗುಡಿ ಇಲ್ಲ ಅಂದೋಳು ಬಾಗ್ಲು ಯಾಕೆ ತಟ್ದ್ಯವ್ವ
ಬಸ್ಸತ್ತಿ ಬಂದ ಬೀಗತಿ
ಹಲ್ಲಿಲ್ದ ಬಾಯ್ತುಂಬ ಎಲೆಯಡ್ಕೆ ತುಂಬ್ಕೊಂಡು
ಹಾಡ್ತೀಯೋ ಇಲ್ಲ ಮೆಲ್ತೀಯೋ"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಡೊಳ್ಳಿನವರು ಶಿಳ್ಳೆ ಹಾಕಿದರು. ಅಜ್ಜಿಯ ಮುಖ ಹೇಗೆ ಅರಳಿತೆಂದರೆ, ಅವಳನ್ನು ನಾನು ಹಾಗೆ ನೋಡಿಯೇ ಇರಲಿಲ್ಲ. ಜೋಡಿ ಸಿಕ್ಕಿತ್ತು ಅವಳಿಗೆ. ಅವಳು ತಿರುಗಿ ಏನೋ ಹಾಡಿದಳು. ನಗುವಿನ ಗಲಾಟೆಯಲ್ಲಿ ನನಗದು ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು, ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಕಂಡಿತು, ಅಷ್ಟೆ.

ಸಾಹೇಬರು ಕಣ್ಣೊರೆಸಿಕೊಂಡು, "ಹೆಣ್ಣು ಒಪ್ಪಿಗೆ ಆಯ್ತು ತಾಯಿ. ನಮ್ ಕಡೆಯಿಂದ ತಕರಾರಿಲ್ಲ," ಎಂದು ಬೋಂಡದ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಮೇಡಂ ಬಂದು ಅಜ್ಜಿಯ ಕೈ ಹಿಡಿದುಕೊಂಡರು. "ಮಾಲೂರ್ ಕಡೆ ನಮ್ಮಮ್ಮ ಹಾಡ್ತಿದ್ರು. ನಂಗೆ ಮರ್ತೇ ಹೋಗಿದೆ ಅಂದ್ಕೊಂಡಿದ್ದೆ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದೆ. "ಅಜ್ಜಿ, ಆಮೇಲೆ ಏನಂತ ಹಾಡ್ದೆ?"

"ಮದುಮಗಳು ಬೀಗರ ಹಾಡ ಕಲೀಬಾರ್ದು. ನಿನ್ ಮದ್ವೆ ಆಗ್ಲಿ, ಮಾರನೇ ದಿನಾನೇ ಹೇಳ್ಕೊಡ್ತೀನಿ."

ಆಮೇಲೆ ನನಗೆ ಎಷ್ಟು ಮದುವೆಗಳಾದವೋ. ವ್ಯಾನು ಬರುತ್ತಿತ್ತು, ಶಾಲೆಗೆ ಚಕ್ಕರ್ ಬೀಳುತ್ತಿತ್ತು, ಯಾವುದೋ ಊರಿನ ವೇದಿಕೆಯ ಮೇಲೆ ನಾನು ಹಸೆಮಣೆಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತ ಗಣ್ಯರನ್ನು ಅಜ್ಜಿ ಬೀಗರೆಂದೇ ತಿಳಿದು ಒಬ್ಬರನ್ನೂ ಬಿಡದೆ ಗೇಲಿ ಮಾಡುತ್ತಿದ್ದಳು, ಅವರೇ ಎದ್ದು ಬಂದು ಶಾಲು ಹೊದಿಸುತ್ತಿದ್ದರು. ಒಂದು ಶಾಲು ನಮ್ಮ ಟಿವಿಗೆ ಹೊದಿಕೆಯಾಯಿತು. ಇನ್ನೊಂದು, ಚಳಿಗೆ ನಡುಗುತ್ತಿದ್ದ ಯಲ್ಲಕ್ಕನ ಕರುವಿಗೆ.

ಈಗ ಅವರೆ ಹೊಲಗಳ ಜಾಗದಲ್ಲಿ ಗಾಜಿನ ಕಟ್ಟಡಗಳಿವೆ. ಸರ್ಕಾರ ಈಗಲೂ ತಂಡಗಳನ್ನು ಕರೆಯುತ್ತದೆ. ಹುಡುಗಿಯರು ಒಂದೇ ಬಣ್ಣದ ಸೀರೆಯುಟ್ಟು ಚೆನ್ನಾಗಿಯೇ ಹಾಡುತ್ತಾರೆ, ಗಂಟೆಗೆ ಸರಿಯಾಗಿ ನಿಲ್ಲಿಸುತ್ತಾರೆ. ಕೆ.ಆರ್. ಪುರದ ದೊಡ್ಡ ಕಲ್ಯಾಣ ಮಂಟಪದಲ್ಲಿ ನನ್ನ ನಿಜವಾದ ಮದುವೆ ನಡೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಯಲ್ಲಕ್ಕ ಮಗಳ ಮನೆ ಸೇರಿದ್ದರು, ನೆನಪು ಕೈಕೊಟ್ಟಿತ್ತು. ಎಲ್ಲ ಅಚ್ಚುಕಟ್ಟಾಗಿ ಮುಗಿಯಿತು.

ಮಾರನೇ ದಿನ ಹೊಸಕೋಟೆಯ ಗಂಡನ ಮನೆಯಲ್ಲಿ ಅತ್ತೆ ಎಲೆಯಡಿಕೆ ತಟ್ಟೆ ಹಿಡಿದು ನನ್ನ ಪಕ್ಕ ಕೂತರು. "ನಿಮ್ ಕಡೆಯೋರು ಒಬ್ರೂ ನಮ್ಮನ್ನ ಬೈಲೇ ಇಲ್ವಲ್ಲಮ್ಮ," ಎಂದರು. ದನಿಯಲ್ಲಿ ನಿಜವಾದ ಬೇಜಾರಿತ್ತು.

ನಾನು ಮೆಲ್ಲಗೆ, ಗಂಟೆ ಐತೆ, ಗುಡಿ ಇಲ್ಲ ಎಂದು ಶುರುಮಾಡಿದೆ. ನಾಲ್ಕು ಸಾಲು ಮುಗಿಯುವುದರೊಳಗೆ ಅತ್ತೆ ಎಲೆ ಕೆಳಗಿಟ್ಟಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕು, ಗಂಟಲು ಸರಿಮಾಡಿಕೊಂಡು, ನನ್ನ ಮೊಂಡು ಮೂಗಿನಿಂದ ಹಿಡಿದು ನಮ್ಮಪ್ಪನ ಮೀಸೆಯವರೆಗೆ ಎಲ್ಲವನ್ನೂ ಸೇರಿಸಿ ತಿರುಗಿ ಹಾಡಿದರು. ಆಮೇಲೆ ಕಣ್ಣರಳಿಸಿ ನನ್ನನ್ನೇ ನೋಡುತ್ತ ಕಾದರು.

"ಹೂಂ, ಈಗ ನಿಮ್ ಕಡೇದು," ಎಂದರು.

ಅಷ್ಟೊಂದು ಮದುವೆಗಳಲ್ಲಿ ನಾನು ಕಲಿತದ್ದು ಒಂದೇ. ತಲೆ ತಗ್ಗಿಸಿ ನೆಲ ನೋಡುತ್ತ ಕೂತೆ.