ಬಿಚ್ಚಿ ನೋಡಲಾಗದ ಮೊಣಕಾಲು

ಹಳೆಯ ಸಾಮಾನನ್ನು ಗಿರಾಕಿಯ ಕೈಗೆ ಕೊಡದೆ ನಾನು ಹೊಸದು ಹಾಕಿದವನಲ್ಲ. ಸವೆದ ಬೇರಿಂಗ್ ಇರಲಿ, ಹರಿದ ರಬ್ಬರ್ ಇರಲಿ, ಎಣ್ಣೆ ಒರೆಸಿ, ಹಾಳಾದ ಜಾಗಕ್ಕೆ ಬೆರಳಿಟ್ಟು, "ನೋಡ್ರಿ, ಇಲ್ಲಿ ಸತ್ತಿತ್ತು" ಎಂದು ತೋರಿಸಿಯೇ ಕೊಡುತ್ತೇನೆ. ಸೊಲ್ಲಾಪುರ ರಸ್ತೆಯ ನನ್ನ ಗ್ಯಾರೇಜಿಗೆ ಬರುವವರು ಹೆಚ್ಚಾಗಿ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರು. ಬಳ್ಳಿಗೆ ಔಷಧ ಹೊಡೆಯುವ ಬ್ಲೋವರ್ ಕೆಟ್ಟರೆ ಅವರಿಗೆ ಊಟ ಸೇರುವುದಿಲ್ಲ. ಮೋಡ ಮುಸುಕಿದ ದಿನ ಪಂಪು ನಿಂತರೆ ರೋಗ ನಿಲ್ಲುವುದಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಈ ಕೆಲಸಕ್ಕೆ ಬಿದ್ದವನು ನಾನು. ಓದಿದ್ದು ಕಡಿಮೆ, ಆದರೆ ನನ್ನ ಕೈಯಿಂದ ಹೋದ ಪಂಪು ಅದೇ ದೂರಿಗೆ ಮರಳಿ ಬಂದದ್ದು ಅಪರೂಪ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಫಾರಿನ್ ಹಾಕಸ್ಲೋ, ನಮ್ದ ಹಾಕಸ್ಲೋ?" ಎಂದು ಎಲ್ಲರೂ ಕೇಳುತ್ತಾರೆ. ಹೊರದೇಶದ ರಬ್ಬರು ಮೆತ್ತಗೆ, ಲೋಹದ ಮೈ ನುಣ್ಣಗೆ. ಇಲ್ಲವೆನ್ನಲು ನಾನು ಕುರುಡನಲ್ಲ. ಆದರೂ ನನ್ನ ಉತ್ತರ ಯಾವಾಗಲೂ ಒಂದೇ ಇತ್ತು: "ನಮ್ದ ಹಾಕ್ರಿ. ಮಾಡಿದಾಂವ ಕೈಗೆ ಸಿಗಬೇಕು." ಬಿಜ್ಜರಗಿಯ ತೋಟದವನೊಬ್ಬ ಹೊರಗಿನ ಪಂಪು ತಂದಿದ್ದ. ಉಂಗುರದಷ್ಟು ಚಿಕ್ಕ ಒಂದು ಸೀಲು ಹೋಯಿತು. ಅದು ಬರುವಷ್ಟರಲ್ಲಿ ಹಂಗಾಮೇ ಮುಗಿದಿತ್ತು, ಪಂಪಿನ ಮೇಲೆ ಕೋಳಿ ಮಲಗುತ್ತಿದ್ದವು. ನಮ್ಮ ದೇಶದ ಸಾಮಾನು ಕೆಟ್ಟರೆ ನಾನೇ ಕೊಲ್ಲಾಪುರದ ಬಸ್ಸು ಹತ್ತಿ, ಮಾಡಿದವನ ಟೇಬಲ್ಲಿನ ಮೇಲೆ ಒಗೆದು, ಜಗಳಾಡಿ, ಬೇರೆ ಮಾಡಿಸಿಕೊಂಡು ಬರುತ್ತಿದ್ದೆ.

ಈಗ ಆ ಜಗಳಕ್ಕೂ ಅರ್ಥ ಉಳಿದಿಲ್ಲ. ನಮ್ಮವರ ಡಬ್ಬಿಯ ಬಣ್ಣ ವರ್ಷವರ್ಷಕ್ಕೆ ಚೆಂದವಾಗುತ್ತಿದೆ, ಒಳಗಿನ ಉಕ್ಕು ಮೆತ್ತಗಾಗುತ್ತಿದೆ. ಹೊರದೇಶದ ಅಕ್ಷರ ಇರುವ ಡಬ್ಬಿ ಯಾವ ಓಣಿಯಲ್ಲಿ ತುಂಬಿ ಬಂದದ್ದೋ ದೇವರೇ ಬಲ್ಲ. ನಾನು ನಂಬುತ್ತಿದ್ದದ್ದು ನನ್ನ ಅಂಗೈಯನ್ನು. ಬೇರಿಂಗನ್ನು ಅಂಗೈಯಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಗೀರಿ ನೋಡದೆ ಯಾವುದನ್ನೂ ಒಳಗೆ ಕೂರಿಸಿದವನಲ್ಲ.

ಅಂಥವನ ಹೆಂಡತಿಯ ಮೊಣಕಾಲು ಸವೆಯಿತು.

ಅವಳು ನೆಲದ ಮೇಲೆ ಕೂತು ರೊಟ್ಟಿ ಬಡಿಯುವವಳು. ಮನೆಗೆ, ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೆ, ಪಂಪು ಆಗುವವರೆಗೆ ಕಾದು ಕೂತ ಗಿರಾಕಿಗೆ, ಎಲ್ಲರಿಗೂ ಅವಳದೇ ರೊಟ್ಟಿ. ಗ್ಯಾರೇಜಿನ ಹಿಂದೆಯೇ ಮನೆ. ನನ್ನ ಸುತ್ತಿಗೆಯ ಸಪ್ಪಳ ನಿಂತಾಗ ಅವಳ ಕೈಯ ಸಪ್ಪಳ ಕೇಳಿಸುತ್ತಿತ್ತು. ಬರುಬರುತ್ತ ಕೂತವಳು ಗೋಡೆ ಹಿಡಿಯದೆ ಏಳದಾದಳು. ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದ ಕೂಡಲೇ ನನಗೆ ತಿಳಿಯಿತು. ನಡುವಿನ ಮೆತ್ತೆ ಹೋಗಿ ಎಲುಬಿಗೆ ಎಲುಬು ತಿಕ್ಕುತ್ತಿತ್ತು.

"ಬದಲಿ ಹಾಕಬೇಕು ಕಾಕಾ," ಎಂದರು ಡಾಕ್ಟರು. "ಹೊರದೇಶದ್ದೂ ಐತಿ, ನಮ್ಮ ದೇಶದ್ದೂ ಐತಿ. ಮನಿಯಾಗ ಮಾತಾಡಿ ಹೇಳ್ರಿ."

"ಒಮ್ಮಿ ಕೈಯಾಗ ಕೊಡ್ರಿ ಸಾಹೇಬ್ರ, ನೋಡ್ತೇನಿ."

"ಅದು ಸೀಲ್ ಮಾಡಿದ್ದ ಇರ್ತೈತಿ. ಆಪರೇಶನ್ ಖೋಲಿಯೊಳಗ ಒಡಿಯೋದು."

"ಹಂಗಾದ್ರ ಯಾವುದು ಚಲೋ ಅಂತ ನಾ ಹೆಂಗ ತಿಳಕೋಬೇಕ್ರಿ?"

"ಎರಡೂ ಚಲೋನ."

ಅಂಗಡಿಯವರು ಹೀಗೆ ಹೇಳಿದಾಗ ನಾನು ಮೆಟ್ಟಿಲಿಳಿದು ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ಇಲ್ಲಿ ಇಳಿದು ಎಲ್ಲಿಗೆ ಹೋಗಲಿ?

ಹೊರಗೆ ಬೆಂಚಿನ ಮೇಲೆ ಜೈನಾಪುರದ ಗಿರಾಕಿಯೊಬ್ಬ ಕೂತಿದ್ದ. ಅವನ ಹೆಂಡತಿಗೂ ಅದೇ ಕಾಯಿಲೆ, ಅದೇ ವಾರ ಆಪರೇಶನ್. ನನ್ನನ್ನು ಕಂಡದ್ದೇ ಹೊಳೆಯಲ್ಲಿ ಕಟ್ಟಿಗೆ ಸಿಕ್ಕವನಂತೆ ಹಿಡಿದುಕೊಂಡ.

"ಮಿಸ್ತ್ರಿ, ನೀವ ಹೇಳ್ರಿ. ಯಾವುದು ಹಾಕಸ್ಲಿ?"

"ನಮ್ದ ಹಾಕಸ್ರಿ," ಎಂದೆ. ಬಾಯಿಗೆ ರೂಢಿಯಾದ ಮಾತು. ಮನಸ್ಸಿನಲ್ಲಿ ಇದ್ದದ್ದೂ ಅದೇ. ಅವನು ಎದ್ದು ನೇರ ಡಾಕ್ಟರ ಬಳಿಗೆ ಹೋದ.

ನನ್ನ ಹೆಂಡತಿಗೂ ಅದನ್ನೇ ಹೇಳಿದೆ. ಅವಳು ದವಾಖಾನೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಮದುವಿ ಆದಾಗಿಂದ ನಮ್ಮ ಮನಿಯಾಗ ಎಲ್ಲಾ ನಿಮ್ಮ ಕೈಯಾಂದ," ಎಂದಳು. "ಮಿಕ್ಸರಿಗೆ ನೀವ ತಿಕ್ಕಿದ ಬುಶ್, ಫ್ಯಾನಿಗೆ ಪಂಪಿನ ಬೇರಿಂಗ್. ಫ್ಯಾನ ಹಚ್ಚಿದ್ರ ಬಾಜೂದ ಮನಿಯಾವ್ರು ವಿಮಾನ ಬಂತಂತ ಹೊರಗ ಬರ್ತಾರ. ಗಂಡನೂ ದೇಶೀನ. ಇದೊಂದರ ಫಾರಿನ್ ಹಾಕಸ್ರಿ ನನಗ."

ಸೂಜಿ ಹಾಕಲು ಬಂದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ಸೀರೆಯಾಗಲಿ, ಬಂಗಾರವಾಗಲಿ, ಇಂಥದೇ ಬೇಕು ಎಂದು ಅವಳು ಬಾಯಿ ಬಿಟ್ಟು ಕೇಳಿದವಳಲ್ಲ. ಕೇಳಿದ್ದು ಇದೊಂದೇ. "ಆತು, ಫಾರಿನ್ನ ಹಾಕಸೂಣು" ಎಂದೆ.

ಆಪರೇಶನ್ ಮುಗಿದ ಮೇಲೆ ಒಳಗಿನಿಂದ ಬಂದ ಕಂಪೌಂಡರನನ್ನು ಕೇಳಿದೆ: "ಹಳೇದ ಎಲ್ಲೈತ್ರಿ?"

"ಹಳೇದ?"

"ತಗದದ್ದು. ಒಮ್ಮಿ ನೋಡ್ತೇನಿ."

"ಯಪ್ಪಾ ಯಜಮಾನ್ರ, ಅದನ್ನ ಒಯ್ದು ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡ್ತೀರೇನು?" ಎಂದು ನಗುತ್ತ ಹೊರಟುಹೋದ. ಎಲ್ಲಿ ಸವೆದಿತ್ತು ಎಂದು ಕಾಣದೆಯೇ ಮನೆಗೆ ಬಂದೆ.

ಹೊಲಿಗೆ ಮಾಗಿತು, ಮೊಣಕಾಲು ಮಡಚಲಿಲ್ಲ. ಹೇಳಿದ ವ್ಯಾಯಾಮವನ್ನೆಲ್ಲ ಅವಳು ಮಾಡಿದಳು. ಹಲ್ಲು ಕಚ್ಚಿ, ಮಂಚದ ಪಟ್ಟಿ ಹಿಡಿದು, ಕಣ್ಣಲ್ಲಿ ನೀರು ಬಂದರೂ ಮಾಡಿದಳು. ಅರ್ಧಕ್ಕೆ ಬಂದು ಕಾಲು ನಿಲ್ಲುತ್ತಿತ್ತು, ಹಲ್ಲುಗಳ ನಡುವೆ ಕಲ್ಲು ಸಿಕ್ಕ ಗೇರ್ ಚಕ್ರದಂತೆ. ಬಚ್ಚಲಿಗೆ ಹೋಗಲೂ ನಾನು ಹೆಗಲು ಕೊಡಬೇಕಾಯಿತು. ಮತ್ತೆ ದವಾಖಾನೆಗೆ ಹೋದೆವು. ಡಾಕ್ಟರು ಹೊಸ ಫೋಟೋ ತೆಗೆಸಿ ಬಹಳ ಹೊತ್ತು ನೋಡಿದರು.

"ಸಾಮಾನ ಬರೋಬ್ಬರಿ ಕುಂತೈತಿ ಕಾಕಾ. ಕೆಲವರ ಕಾಲು ಹಿಂಗ ಬಿಗೀತಾವು."

"ಬಿಚ್ಚಿ ನೋಡ್ರಿ."

ಅವರು ನಗಲಿಲ್ಲ. "ಇದು ಪಂಪ್ ಅಲ್ಲ ಕಾಕಾ. ಬಿಚ್ಚಿದ್ರ ಇದಕ್ಕಿಂತ ಕೆಡೂದ ಹೆಚ್ಚು."

ಆಟೋದಲ್ಲಿ ಬರುವಾಗ ಗ್ಯಾರೇಜು ಹತ್ತಿರ ಬಂದಾಗ ಅವಳೇ ಹೇಳಿದಳು: "ಯಾರ ಮ್ಯಾಲೂ ಸಿಟ್ಟಾಗಬ್ಯಾಡ್ರಿ. ಸಾಮಾನ ಚಲೋ ಐತಿ. ಕಾಲ ನಂದ ಕೆಟ್ಟೈತಿ."

ಒಂದು ಮುಂಜಾನೆ ಗ್ಯಾರೇಜಿನ ಮುಂದೆ ಗಾಡಿ ನಿಂತಿತು. ಜೈನಾಪುರದವನು ಪಂಪು ತಂದಿದ್ದ. ಜೊತೆಗೆ ಅವನ ಹೆಂಡತಿ. ಯಾರ ಕೈಯನ್ನೂ ಹಿಡಿಯದೆ ಗಾಡಿ ಇಳಿದಳು. ಕೈಯಲ್ಲಿ ಒಣದ್ರಾಕ್ಷಿಯ ಡಬ್ಬಿ. ಕಬ್ಬಿಣದ ತುಂಡುಗಳ ನಡುವೆ ದಾರಿ ಮಾಡಿಕೊಂಡು ಸರಸರ ಹಿಂದಿನ ಮನೆಗೆ ನಡೆದಳು. ನಾನು ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡಿದೆ. ಎಲ್ಲಿಯೂ ತಡೆ ಇಲ್ಲ.

"ನಿಮ್ಮ ಮಾತ ಕೇಳಿ ಉಳದ್ನಿ ನೋಡ್ರಿ ಮಿಸ್ತ್ರಿ," ಎಂದ ಅವನು, ಓಣಿಗೆಲ್ಲ ಕೇಳುವಂತೆ. "ತ್ವಾಟದಾಗ ಈಕಿ ಹಿಂದ ನಾ ಓಡಾಕತ್ತೇನಿ ಈಗ!" ಅವನೂ ಹಿಂದೆಯೇ ಮನೆಯೊಳಗೆ ಬಂದ. ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದ ನನ್ನ ಹೆಂಡತಿಯನ್ನು ಕಂಡು ಅವನ ದನಿ ಇಳಿಯಿತು. "ಯಾಕ್ರಿ ವೈನಿ? ನಿಮಗೂ ದೇಶೀನ ಹಾಕ್ಸಿದ್ರಲ್ಲ?"

"ಇಲ್ಲರಿ ಅಣ್ಣಾ," ಎಂದಳು ನನ್ನ ಹೆಂಡತಿ. "ಇವ್ರು ನಮ್ದ ಹಾಕಸೂಣು ಅಂದ್ರು. ನಾನ ಹಟ ಮಾಡಿ ಫಾರಿನ್ ಹಾಕಿಸ್ಕೊಂಡ್ನಿ. ಸೊಕ್ಕ ನಂದು." ಎಂದು ನಕ್ಕು, ಬಂದವಳ ಕೈಯಿಂದ ಡಬ್ಬಿ ತೆಗೆದುಕೊಂಡು, "ಕುಂದರವಾ ತಂಗಿ, ಹೆಂಗ ನಡೀತಿ ನೋಡು, ನನ್ನ ಕಣ್ಣ ತಂಪಾತು" ಎಂದಳು.

ಹೋಗುವ ತನಕ ನಕ್ಕಳು. ಅವರು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು. ನನ್ನ ಮಾತನ್ನು ನಾಲ್ಕು ಜನರ ಮುಂದೆ ಉಳಿಸಲು ಅವಳು ತನ್ನ ಒಂದೇ ಒಂದು ಆಸೆಯನ್ನು ಸೊಕ್ಕು ಎಂದು ಕರೆದಳು.

ನಮ್ಮದು ಒಳ್ಳೆಯದು, ಅವರದು ಕೆಟ್ಟದ್ದು ಎಂದು ನಾನು ಇದರಿಂದ ಹೇಳಲಾರೆ. ಹೇಳುವಂತಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಅದಲುಬದಲು ಹಾಕಿದ್ದರೂ ಜೈನಾಪುರದಾಕೆ ನಡೆಯುತ್ತಿದ್ದಳೇನೋ, ನನ್ನವಳು ಕೂತೇ ಇರುತ್ತಿದ್ದಳೇನೋ. ತಪ್ಪು ಸಾಮಾನಿನದೋ, ಕೂರಿಸಿದ ಕೈಯದೋ, ಕಾಲಿನದೋ, ಬಿಚ್ಚದೆ ತಿಳಿಯುವುದಿಲ್ಲ, ಬಿಚ್ಚುವಂತಿಲ್ಲ. ನನಗೆ ಬರುವ ವಿದ್ಯೆ ಒಂದೇ, ಅದು ನನ್ನ ಮನೆಯಲ್ಲೇ ಕೆಲಸಕ್ಕೆ ಬರಲಿಲ್ಲ. ಈಗ ಗ್ಯಾರೇಜಿನಲ್ಲಿ ಯಾರಾದರೂ ಕೇಳಿದರೆ ಎರಡೂ ಡಬ್ಬಿಗಳನ್ನು ಮುಂದಿಡುತ್ತೇನೆ. "ನೀವ ನೋಡ್ರಿ" ಎನ್ನುತ್ತೇನೆ. ಬಿಜ್ಜರಗಿಯವನು ಮೊನ್ನೆ ಸಿಟ್ಟಿಗೆದ್ದ: "ಏನ ಮಿಸ್ತ್ರಿ, ಬಾಯಾಗ ಅಡಕಿ ಇಟ್ಕೊಂಡಿಯೇನು? ಹೇಳೋ ಮಾರಾಯಾ!" ಎರಡೂ ಡಬ್ಬಿಗಳನ್ನು ಮತ್ತೆ ಅವನ ಕಡೆ ಸರಿಸಿದೆ. ಅವನು ಬೇರೆ ಗ್ಯಾರೇಜಿಗೆ ಹೋದ.

ಅವಳು ನೆಲಕ್ಕೆ ಕೂರದೆ ನಿಂತೇ ರೊಟ್ಟಿ ಬಡಿಯಲೆಂದು ಒಂದು ಕಬ್ಬಿಣದ ಕಟ್ಟೆ ಮಾಡಿಕೊಟ್ಟೆ. ಅವಳ ಮೊಣಕೈಯ ಎತ್ತರ ಅಳೆದು, ನಾನೇ ಬೆಸುಗೆ ಹಾಕಿ, ಮೂಲೆಗಳನ್ನು ತಿಕ್ಕಿ ನುಣ್ಣಗೆ ಮಾಡಿದೆ. ಒಂದು ಚೂರೂ ಅಲುಗಾಡುತ್ತಿರಲಿಲ್ಲ. ಅದರ ಮುಂದೆ ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಕಾಲು ಬಾತು ಅವಳು ಗೋಡೆಗೆ ಒರಗಿದಳು. ಕುರ್ಚಿ ಹಾಕಿಕೊಂಡು ನೋಡಿದಳು, ತೋಳಿನ ಭಾರ ಬೀಳದೆ ರೊಟ್ಟಿ ಅಂಚಿನಲ್ಲಿ ಒಡೆಯಿತು. ಈಗ ಆ ಕಟ್ಟೆಯ ಮೇಲೆ ನೀರಿನ ಕೊಡ ಇದೆ.

ರೊಟ್ಟಿ ಓಣಿಯಲ್ಲಿ ಮಾಡಿ ಮಾರುವವರ ಮನೆಯಿಂದ ಬರುತ್ತದೆ. ಮೊದಮೊದಲು ಅವಳು ಅದನ್ನು ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿ, "ದಂಡಿ ದಪ್ಪ ಐತಿ, ಹಿಟ್ಟ ಸರಿ ನಾದಿಲ್ಲ" ಎನ್ನುತ್ತಿದ್ದಳು. ನಾನು ಬೇರಿಂಗ್ ನೋಡುವ ಹಾಗೆಯೇ ನೋಡುತ್ತಿದ್ದಳು. ಈಗಲೂ ಮಧ್ಯಾಹ್ನ ತಾಟಿನ ಮುಂದೆ ಕೂತಾಗ, ಏನಾದರೂ ಹೇಳಿಯಾಳು ಎಂದು ಅವಳ ಕೈಯನ್ನೇ ನೋಡುತ್ತೇನೆ. ಅವಳು ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಸುಮ್ಮನೆ ತಿನ್ನುತ್ತಾಳೆ.