ನೆಲಕ್ಕೆ ಕೂಡುತ್ತಿದ್ದ ನರ್ಸಬಾಯಿ

ಕುರ್ಚಿ ಹಾಕಿಕೊಟ್ಟರೆ ರಜಿಯಾಬಾಯಿ ಅದರ ಮೇಲೆ ತಮ್ಮ ಚೀಲವನ್ನು ಕೂಡಿಸಿ, ತಾವು ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲಕ್ಕೆ ಕೂಡುತ್ತಿದ್ದರು. ಮೊರದಲ್ಲಿ ಜೋಳವೋ ತೊಗರಿಯೋ ಇದ್ದರೆ ಎಳೆದುಕೊಂಡು ಹಸನು ಮಾಡತೊಡಗುವರು. “ಎದುರಾಎದುರ ಕುಂತು ಕೇಳಿದ್ರ ಪೊಲೀಸರು ಕೇಳಿದಂಗ ಆಗತೈತ್ರಿ. ಹರಳು ಆರಸಕೋತ ಕೇಳಿದ್ರ ಮಾತು ತಾವಾಗೇ ಬರತಾವು,” ಎನ್ನುತ್ತಿದ್ದರು.

ಅವರು ಯರಗಟ್ಟಿಯಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಸರ್ಕಾರಿ ನರ್ಸು. ಮೊದಲೆಲ್ಲ ಕೂಸುಗಳಿಗೆ ಸೂಜಿ, ಬಸುರಿಯರಿಗೆ ಕಬ್ಬಿಣದ ಗುಳಿಗೆ, ಇಷ್ಟೇ ಅವರ ಕೆಲಸ. ತೊಂಬತ್ತರ ದಶಕದ ಕೊನೆಗೆ ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದವರು ಮನಸ್ಸಿನ ಕಾಯಿಲೆಯವರ ಮನೆಗಳಿಗೂ ಹೋಗತೊಡಗಿದರು.

“ಸೂಜಿ ಚುಚ್ಚಾಕಿಗೆ ಮನಸಿನ ಉಸಾಬರಿ ಯಾಕ?” ಎಂದರು ನಮ್ಮತ್ತೆ.

“ಕೂಸಿಗೆ ಜ್ವರ ಬಂದ್ರ ಕರೀತೀರಿ. ಕೂಸಿನ ಅವ್ವಗ ನಿದ್ದಿ ಬರಲಿಲ್ಲಂದ್ರ ಯಾಕ ಮುಚ್ಚಿಡತೀರಿ, ಯವ್ವಾ?” ಎಂದರು ರಜಿಯಾಬಾಯಿ.

ಆ ಕೂಸಿನ ಅವ್ವ ನನ್ನ ಮೈದುನನ ಹೆಂಡತಿ ಶಾಂತವ್ವ. ಹೆರಿಗೆಯಾದ ಮೇಲೆ ನಿದ್ದೆ ಕೆಟ್ಟು, ಮಾತು ನಿಂತು, ಗೋಡೆ ನೋಡುತ್ತ ಕೂಡುತ್ತಿದ್ದಳು. ಧಾರವಾಡದ ಡಾಕ್ಟರು ಬರೆದ ಗುಳಿಗೆಯನ್ನು ಎರಡು ದಿನ ನುಂಗಿ ಒಲ್ಲೆ ಅಂದಳು. ನನಗೊಂದು ಬುದ್ಧಿ ಹೊಳೆಯಿತು. ಗುಳಿಗೆ ಕುಟ್ಟಿ ಶೇಂಗಾ ಚಟ್ನಿಯಲ್ಲಿ ಕಲೆಸಿ ರೊಟ್ಟಿಗೆ ಹಚ್ಚಿಕೊಟ್ಟೆ. ಕಹಿ ಹತ್ತಿತೋ, ಕುಟ್ಟಿದ ಕಲ್ಲಿನ ಮೇಲೆ ಬಿಳಿ ಪುಡಿ ಕಂಡಳೋ, ಅಂದಿನಿಂದ ನನ್ನ ಕೈಯ ನೀರನ್ನೂ ಮುಟ್ಟಲಿಲ್ಲ. ತಾನೇ ಸುಲಿದ ಬಾಳೆಹಣ್ಣು, ತಾನೇ ತುಂಬಿಕೊಂಡ ನೀರು, ಅಷ್ಟೇ. ನಾಲ್ಕು ದಿನಕ್ಕೆ ಅವಳ ಬಳೆಗಳು ಮೊಣಕೈಗೆ ಜಾರತೊಡಗಿದವು.

ರಜಿಯಾಬಾಯಿ ಬಂದು ಎಲ್ಲ ಕೇಳಿದರು. “ಇದು ಯಾರ ಆಯ್ಡಿಯಾ?”

“ನಂದ್ರಿ.”

“ಶಾಣ್ಯಾರದೀರಿ ನೋಡ್ರಿ! ಚಟ್ನಿನೂ ಕೆಡಿಸಿದ್ರಿ, ಗುಳಗಿನೂ ಕೆಡಿಸಿದ್ರಿ. ಈಗ ನಡೀರಿ, ಆಕಿ ಮುಂದ ಒಪ್ಪಕೋರಿ.”

ಹಿರಿಯ ಸೊಸೆ ಕಿರಿಯಳ ಮುಂದೆ ತಪ್ಪು ಒಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲ. ಅತ್ತೆ ಮುಖ ತಿರುಗಿಸಿದರು. ನಾನು ರೊಟ್ಟಿಯ ತಾಟು ಹಿಡಿದುಕೊಂಡೇ ಅವಳ ಮುಂದೆ ಹೋಗಿ, “ತಪ್ಪಾತವಾ ಶಾಂತಾ, ಚಟ್ನ್ಯಾಗ ಗುಳಗಿ ಹಾಕಿದ್ದೆ. ಇನ್ನ ಹಾಕಂಗಿಲ್ಲ,” ಅಂದೆ. ರಜಿಯಾಬಾಯಿ ರೊಟ್ಟಿ ಮುರಿದು ತಾವೇ ಮೊದಲ ತುತ್ತು ಉಂಡು, ತಾಟನ್ನು ಅವಳತ್ತ ಸರಿಸಿದರು.

“ಗುಳಗಿ ಬ್ಯಾರೆ ಇಟ್ಟೇನಿ. ಯಾಕ ಬ್ಯಾಡ ಅನ್ನೂದನ್ನ ಅಷ್ಟ ಹೇಳು ತಂಗಿ.”

ಶಾಂತವ್ವ ತಾಟನ್ನು ಹತ್ತಿರ ಎಳೆದುಕೊಂಡು, “ತಗೊಂಡ್ರ ಸತ್ತಂಗ ನಿದ್ದಿ ಬರತೈತ್ರಿ. ಕೂಸು ಅತ್ತರ ಎಚ್ಚರ ಆಗಂಗಿಲ್ಲ,” ಅಂದಳು. ಆಮೇಲೆ ಒಂದು ತುತ್ತು ಬಾಯಿಗಿಟ್ಟು, ನನ್ನತ್ತ ತಿರುಗಿ, “ಅಕ್ಕಾರ, ಆವತ್ತಿನ ಚಟ್ನ್ಯಾಗ ಉಪ್ಪೂ ಹೆಚ್ಚಾಗಿತ್ತು!”

ರಜಿಯಾಬಾಯಿ ನಕ್ಕ ಸಪ್ಪಳಕ್ಕೆ ಮಲಗಿದ್ದ ಕೂಸು ಎದ್ದಿತು. ಅಂದಿನಿಂದ ರಾತ್ರಿ ಕೂಸಿನ ಪಾಳಿ ನನ್ನದು. ಗುಳಿಗೆ ಅವಳೇ ನುಂಗಿದಳು. ಡಾಕ್ಟರಿಗೂ ನಿದ್ದೆಯ ಸಂಗತಿ ತಿಳಿಸಿ, ಔಷಧ ಬದಲು ಮಾಡಿಸಿಕೊಟ್ಟವರು ರಜಿಯಾಬಾಯಿಯೇ.

ಎರಡು ವರ್ಷದ ಮೇಲೆ ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಕಳಿಸಿಕೊಡಲು ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. “ಡಾಕ್ಟರು ಏನಂದ್ರು?” ಎಂದು ಬಸ್ಸಿನ ಕಿಟಕಿಯಿಂದ ಅವರು ಕೇಳಿದಾಗ ನಾನು ಬಾಯಿ ತೆರೆದೆ; ಧಾರವಾಡಕ್ಕೆ ಪ್ರತಿ ಸಲ ಜೊತೆಗೆ ಹೋಗಿ ಅವಳ ಪರವಾಗಿ ಮಾತಾಡುವುದು ನನಗೆ ರೂಢಿಯಾಗಿತ್ತು. ಶಾಂತವ್ವ ನನ್ನ ಕೈ ಒತ್ತಿ, ಗುಳಿಗೆ ಅರ್ಧಕ್ಕಿಳಿಸಿದ್ದು, ಮತ್ತೆ ಯಾವಾಗ ಹೋಗಬೇಕಾದದ್ದು, ಎಲ್ಲ ತಾನೇ ಹೇಳಿದಳು.

“ನಿಮ್ಮ ನೌಕರಿ ಹೋತ್ರಿ ಅಕ್ಕಾರ!” ಎಂದು ನಗುತ್ತ ರಜಿಯಾಬಾಯಿ ಕೈ ಬೀಸಿದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಬಸ್ಸು ಹೋದ ಮೇಲೆ, “ನಡಿಯವಾ,” ಅಂದೆ.

“ನೀವು ನಡೀರಿ. ಧಾರವಾಡದ ಬಸ್ಸಿನ ಟೈಮ್ ಕೇಳಕೊಂಡು ಬರತೇನಿ. ಈ ಸಲ ನಾ ಒಬ್ಬಾಕಿನ ಹೋಗತೇನ್ರಿ.”

ತಿರುಗಿ ನೋಡದೆ ಮನೆಗೆ ಬಂದೆ.