ನೆಪೋಲಿಯನ್ನನ ಗದ್ದುಗೆ

ಸ್ನೇಹಿತರೇ, ತುಮಕೂರಿನ ತರಗತಿಗಳಲ್ಲಿ ಯಾರ ಯುದ್ಧಗಳನ್ನು ವೃತ್ತಿಜೀವನವಿಡೀ ಪಾಠ ಮಾಡಿದೆನೋ, ಆ ನೆಪೋಲಿಯನ್ನನ ಸಮಾಧಿಯನ್ನು ಇಂದು ಪ್ಯಾರಿಸ್ಸಿನಲ್ಲಿ ಕಣ್ಣಾರೆ ಕಂಡೆ! ಬಾಗಿಲವರೆಗೆ ಹೋಗಿಯೂ ಕಾಣದೆ ಹಿಂದಿರುಗುವ ಸ್ಥಿತಿ ಬಂದಿತ್ತೆಂಬುದು ಬೇರೆ ಮಾತು.

ಗಾಯಾಳು ಸೈನಿಕರಿಗಾಗಿ ಕಟ್ಟಿದ ಭವನವದು. ಅದರ ಚಿನ್ನದ ಗುಮ್ಮಟದ ಬಾಗಿಲಲ್ಲಿ, ಜೊತೆಗೆ ಬಂದಿದ್ದ ನನ್ನ ಓರಗಿತ್ತಿ, ಗುಬ್ಬಿಯ ಶಾಂತಾ, ಚಪ್ಪಲಿ ಕಳಚಿಟ್ಟಳು. ಕಾವಲುಗಾರ ಅವಳ ಬರಿಗಾಲನ್ನು ತೋರಿಸಿ, "ನೋ, ಮದಾಮ್!" ಎಂದು ಅಡ್ಡ ನಿಂತ. ನಮ್ಮ ಪ್ರವಾಸದ ತಂಡ ಆಗಲೇ ಒಳಗೆ ಹೋಗಿತ್ತು.

"ಹಾಕ್ಕೊಳ್ಳೇ ಶಾಂತಾ, ಹೊತ್ತಾಗ್ತಿದೆ" ಎಂದೆ.

"ಗದ್ದುಗೆ ನೋಡಕ್ಕೆ ಚಪ್ಲಿ ಹಾಕ್ಕಂಡು ಹೋಗ್ತಾರೇನಕ್ಕಾ? ನಾನೊಲ್ಲೆ."

"ಗದ್ದುಗೆ ಅನ್ನಬೇಡ. ಅದು ಮಠದ ಸ್ವಾಮಿಗಳು ಲಿಂಗೈಕ್ಯರಾದ ಜಾಗಕ್ಕೆ ಹೇಳೋ ಮಾತು. ಇದು ಸಮಾಧಿ. ಇವನು ರಾಜ ಕಣೇ!"

"ರಾಜಂಗೆ ಗದ್ದುಗೆ ಇಲ್ದೆ ಇನ್ನೇನು ಮಣೆ ಹಾಕ್ತಾರಾ?"

ಗದ್ದುಗೆಯೆಂದರೆ ಸಿಂಹಾಸನವೆಂದೂ ಅರ್ಥವಿದೆಯೆಂದು ಮಕ್ಕಳಿಗೆ ಬರೆಸಿದವಳೇ ನಾನು!

"ಸ್ವಾಮಿಗಳದ್ದಲ್ಲ ಅಂದ್ಮೇಲೆ ಹಾಕ್ಕಂತೀನಿ ಬುಡಕ್ಕ" ಎಂದು ಗೆದ್ದ ಖುಷಿಯಲ್ಲಿ ಶಾಂತಾ ಚಪ್ಪಲಿ ಮೆಟ್ಟಿದಳು. ಕಾವಲುಗಾರ ನಕ್ಕು ದಾರಿ ಬಿಟ್ಟ.

ಒಳಗೆ ಕಟಕಟೆಗೆ ಒರಗಿ ಬಗ್ಗಿ ನೋಡಿದರೆ, ಕೆಳಗೆ ಕೆಂಪು ಕಲ್ಲಿನ ಬೃಹತ್ ಶವಪೆಟ್ಟಿಗೆ! ಬದುಕಿದ್ದಾಗ ಎರಡು ಬಾರಿ ಗದ್ದುಗೆ ಕಳೆದುಕೊಂಡ ಚಕ್ರವರ್ತಿಗೆ ಗುಬ್ಬಿಯ ಹೆಣ್ಣುಮಗಳೊಬ್ಬಳು ಇಂದು ಮೂರನೆಯದನ್ನು ಕೊಟ್ಟಳು. ಅದನ್ನು ಕಸಿದುಕೊಳ್ಳಲು, ನಿಘಂಟಿನ ಹೆಸರಿನಲ್ಲಿಯೂ, ನನಗೆ ಮನಸ್ಸಾಗಲಿಲ್ಲ.